ತಿಂಗಳ ಬಾಡಿಗೆಯ ಫಿಯಟ್

ಕಾರು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ದೊಡ್ಡಬಳ್ಳಾಪುರದ ದಫೇದಾರ್ ವೆಂಕಟರಾಮಪ್ಪ ಬಗ್ಗಿ ನೋಡಿದ. ಗಾಜಿನ ಚೂರಿಲ್ಲ. ನೂಕಿದವರ ಹೆಜ್ಜೆಗುರುತಿಲ್ಲ.

“ಯಾವಾಗಿಂದ ಇಲ್ಲ?”

“ನಿನ್ನೆ ಅಮಾವಾಸ್ಯೆ ಅಂತ ತೂಬಗೆರೆಗೆ ಪೂಜೆಗೆ ಹೋಗಿದ್ವಿ ಸಾರ್. ಪೆಟ್ರೋಲ್ ಉಳೀಲಿ ಅಂತ ಬಸ್ಸಲ್ಲಿ. ಸಾಯಂಕಾಲ ಬಂದ್ರೆ ಕಾರಿಲ್ಲ.”

ಸಂಜೀವಪ್ಪ ಬಿ.ಎಸ್ಸಿ. ಕೊನೆಯ ವರ್ಷದವನು. ಬೂದಿಗೆರೆಯ ಮುನಿಶಾಮಪ್ಪನ ಹಳೆಯ ಫಿಯಟ್ಟನ್ನು ತಿಂಗಳ ಬಾಡಿಗೆಗೆ ಹಿಡಿದಿದ್ದ. ಬೆಂಗಳೂರಿನ ಕಾಲೇಜಿಗೆ ಹೋಗುವ ಇನ್ನೂ ನಾಲ್ವರನ್ನು ದುಡ್ಡಿಗೆ ಹತ್ತಿಸಿಕೊಂಡರೆ ಬಾಡಿಗೆ ಹುಟ್ಟುತ್ತದೆ ಎಂದುಕೊಂಡಿದ್ದ. ಮುಂಗಡಕ್ಕೆ ತಾಯಿ ರುಕ್ಮಿಣಮ್ಮ ಎರಡು ಮಗ್ಗದಲ್ಲಿ ಒಂದನ್ನು ಮಾರಿದ್ದಳು. ಕಾರು ಕಳೆದರೆ ಪೂರ್ತಿ ಬೆಲೆ ಕಟ್ಟಬೇಕೆಂದು ಕರಾರು. ಕಟ್ಟಬೇಕಾದರೆ ಉಳಿದ ಮಗ್ಗವೂ ಹೋಗಬೇಕು.

“ಬಸ್ಸೇ ಸಾಕು ಅಂದೆ. ಕೇಳಿದ್ನಾ ಇವನು,” ಅಂದಳು ರುಕ್ಮಿಣಮ್ಮ.

“ಬಸ್ಸಿಗೆ ಕಾದು ಕಾದು ಮೊದಲನೇ ಕ್ಲಾಸ್ ತಪ್ಪೋದು ಕಣಮ್ಮ.”

“ಈಗ ಎಲ್ಲಾ ಕ್ಲಾಸೂ ತಪ್ಪುತ್ತೆ ಬಿಡು.”

*

ಮೊದಲು ಅನುಮಾನ ಬಿದ್ದದ್ದು ಆ ಕಾರನ್ನು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಪಿಳ್ಳಣ್ಣನ ಮೇಲೆ. ಅವನು ಮೂರು ದಿನದಿಂದ ಜ್ವರದಲ್ಲಿ ಮಲಗಿದ್ದ. ಎದ್ದು ಕೂರಲೂ ಆಗುತ್ತಿರಲಿಲ್ಲ.

*

ಮರುದಿನ ಮುನಿಶಾಮಪ್ಪನನ್ನು ಠಾಣೆಗೆ ಕರೆಸಿದರು. ತಾಯಿ, ಮಗ ಬೆಂಚಿನ ಮೇಲೆ ಕೂತಿದ್ದರು.

“ಅಮಾವಾಸ್ಯೆ ದಿನ ಬೆಳಗ್ಗೆ ನೀವು ಇಲ್ಲಿ ಬಸ್ಸಿಳಿದಿರಿ ಯಜಮಾನ್ರೇ. ಕಂಡಕ್ಟರ್ ನೋಡಿದಾನೆ,” ಅಂದ ದಫೇದಾರ.

“ಹೌದು. ಗಂಗಣ್ಣನ ಮಗ್ಗದ ಮನೇಲಿದ್ದೆ. ಮಗಳ ಮದುವೆ ಸೀರೆ ನೇಯ್ತಿದ್ರು. ಸಾಯಂಕಾಲದವರೆಗೂ ನೋಡ್ತಾ ಕೂತಿದ್ದೆ.”

ರುಕ್ಮಿಣಮ್ಮ ತಲೆ ಎತ್ತಿದಳು. “ಅಮಾವಾಸ್ಯೆ ದಿನ ಯಾವ ನೇಕಾರ ಮಗ್ಗ ಮುಟ್ಟುತಾನೆ ಸಾಮಿ?”

ಮುನಿಶಾಮಪ್ಪ ಹೊಲ ಉತ್ತವನು. ಅವನಿಗೆ ಅದು ಗೊತ್ತಿರಲಿಲ್ಲ.

“ಬೀಗ ಒಡೆದಿಲ್ಲ,” ಅಂದ ವೆಂಕಟರಾಮಪ್ಪ. “ಎರಡನೇ ಕೀಲಿ ನಿಮ್ಮದು. ಪೂಜೆ ಅಂತ ಆ ದಿನ ಬೀದಿ ಖಾಲಿ ಇತ್ತು. ಬಸ್ಸಲ್ಲಿ ಬಂದವರು ಬಸ್ಸಲ್ಲಿ ವಾಪಸ್ ಹೋಗಿಲ್ಲ. ಕಾರು ಎಲ್ಲಿ?”

“ಹೊಸೂರಲ್ಲಿ ಮಾರ್ಬಿಟ್ಟೆ.” ಮುನಿಶಾಮಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. “ಬರ್ಕೊಳ್ಳಿ. ಪರ್ಮಿಟ್ ಇಲ್ಲದ ಕಾರಲ್ಲಿ ಇವನು ತಲೆಗೆ ಇಷ್ಟು ಅಂತ ಜನ ಹೊತ್ತಿದ್ದೂ ಬರ್ಕೊಳ್ಳಿ.”

“ಮಾರಿದ ದುಡ್ಡೂ ನಿಮಗೆ, ಇವರು ಕಟ್ಟೋ ಬೆಲೆಯೂ ನಿಮಗೆ ಅಂತ ಲೆಕ್ಕ. ನೀವೂ ಒಳಗೆ ಹೋಗ್ತೀರಿ.”

“ಹೋಗ್ತೀನಿ. ನನಗೆ ಅರವತ್ತಾಯ್ತು, ತೋಟ ಇದೆ. ಸರ್ಕಾರಿ ಕೆಲಸ ಬೇಕಾಗಿರೋದು ಇವನಿಗೆ. ದೂರು ಬೇಡ ಅಂದ್ರೆ ಕರಾರು ಹರಿದು ಹಾಕ್ತೀನಿ. ಮುಂಗಡ ಮರೀಲಿ.”

ಸಂಜೀವಪ್ಪ ದಫೇದಾರನ ಮುಖ ನೋಡಿದ. ವೆಂಕಟರಾಮಪ್ಪ ದೂರಿನ ಹಾಳೆಯನ್ನು ಅವನ ಮುಂದಿಟ್ಟು ಕಿಟಕಿಯ ಕಡೆ ತಿರುಗಿದ.

ಹುಡುಗ ಸಹಿ ಹಾಕಲಿಲ್ಲ.

ಕರಾರು ನಾಲ್ಕು ಚೂರಾಯಿತು. ಮುನಿಶಾಮಪ್ಪ ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಬಾಗಿಲಲ್ಲಿ ನಿಂತಿದ್ದ ಪೇದೆ ದಫೇದಾರನ ಕಡೆ ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟ.