ನಾನೂರ ಹನ್ನೆರಡು ಗಂಟುಗಳು

"ಎಲ್ಲಿ ಬೇಕಾದ್ರೂ ನಿಂತ್ಕೊಳ್ಳಿ. ಕುರ್ಚಿ ಮೇಲೆ ಮಾತ್ರ ಕೂರಬೇಡಿ," ಎಂದರು ಪಿಸುಮಾಮ.

ರೆಕಾರ್ಡಿಂಗ್ ಮಾಡಲು ಬಂದಿದ್ದವಳು ನಕ್ಕಳು. "ಯಾಕೆ, ತಿಗಣೆನಾ?"

"ತಿಗಣೆ ಆಗಿದ್ರೆ ಔಷಧಿ ಹೊಡೀತಿದ್ವಿ."

ಅವರಿಗೆ ಎಪ್ಪತ್ತು ದಾಟಿತ್ತು. ನಲವತ್ತು ವರ್ಷ ರಂಗದ ಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಎತ್ತಿಕೊಟ್ಟ ಪ್ರಾಂಪ್ಟರ್. ಪಿಸುಮಾಮ ಎಂಬುದು ಕಂಪನಿಯವರು ಇಟ್ಟ ಹೆಸರು. ಬಾಗಿಲಿನ ಬೀಗ ಜಾಮ್ ಆಗಿದೆ ಎಂದರೂ ಏನೋ ಗುಟ್ಟು ಹೇಳಿದಂತೆ ಕೇಳಿಸುತ್ತಿತ್ತು.

ನಿಂತುಹೋದ ನಾಟಕ ಕಂಪನಿಗಳ ಕಲಾವಿದರನ್ನು ಮಾತಾಡಿಸಿ, ಆ ಧ್ವನಿಗಳನ್ನು ಒಂದು ಸಂಗ್ರಹಾಲಯಕ್ಕೆ ಸೇರಿಸುವುದು ಅವಳ ಕೆಲಸ. ಇದು ಹನ್ನೊಂದನೆಯ ಕಂಪನಿ. ಪ್ರತಿ ಕಂಪನಿಯಲ್ಲೂ ಒಂದು ದೆವ್ವ, ಓಡಿಹೋದ ಒಬ್ಬ ನಾಯಕಿ, ಸುಟ್ಟುಹೋದ ಒಂದು ಪರದೆ ಇದ್ದೇ ಇರುತ್ತಿದ್ದವು. ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು.

ಹೊರಗೆ ಮಟಮಟ ಮಧ್ಯಾಹ್ನ. ನಾಟಕಮಂದಿರದ ಒಳಗೆ ಮಾತ್ರ ಕತ್ತಲು ಅಂಟಂಟಾಗಿ ಕೂತಿತ್ತು. ಬಾವಲಿಗಳ ಹಿಕ್ಕೆ, ನೆನೆದು ಒಣಗಿದ ಮಕಮಲ್ಲು, ಬಣ್ಣದ ಡಬ್ಬಿಗಳಲ್ಲಿ ಕಮಟಿದ ಎಣ್ಣೆ, ಎಲ್ಲ ಕಲೆತ ಒಂದು ವಾಸನೆ ಗಂಟಲಿಗೆ ಇಳಿಯುತ್ತಿತ್ತು. ರಂಗದ ನಡುವೆ ಒಂದೇ ಒಂದು ಬಲ್ಬು. ಅದರ ಕೆಳಗೆ ಮೂರು ಕಬ್ಬಿಣದ ಪೆಟ್ಟಿಗೆಗಳ ಮೇಲೆ ಮೂವರು: ಪಿಸುಮಾಮ, ಹಾಸ್ಯಪಾತ್ರದ ಬುರುಡೆಯಣ್ಣ, ಮೂವತ್ತೊಂದು ವರ್ಷ ಒಂದೇ ನಾಟಕದಲ್ಲಿ ರಾಣಿಯಾಗಿದ್ದ ರಾಣಿಯಮ್ಮ.

"ಊರಿಗೆಲ್ಲ ರೋಗ ಬಂತು, ಮುಚ್ಚಿ ಅಂದ್ರು, ಮುಚ್ಚಿದ್ವಿ," ಎಂದ ಬುರುಡೆಯಣ್ಣ. "ರೋಗ ಹೋಯ್ತು. ತೆಗೀರಿ ಅಂತ ಯಾರೂ ಹೇಳಲೇ ಇಲ್ಲ. ನಾಲ್ಕು ವರ್ಷ ಆಯ್ತು. ಮೊಮ್ಮಗ ಮೊಬೈಲ್ ಮುಂದೆ ನಿಲ್ಲಿಸಿ ಆಟ ಮಾಡಿಸ್ದ. ನಕ್ಕರೋ ಇಲ್ವೋ ಒಂದೂ ಗೊತ್ತಾಗ್ಲಿಲ್ಲ. ಹಳದಿ ಮುಖದ ಗೊಂಬೆ ಹತ್ತು ಬಂದ್ವಂತೆ. ನಗುವಿಗೆ ಸದ್ದೇ ಇಲ್ಲದಿದ್ರೆ ನಾನು ಮುಂದಿನ ಮಾತು ಯಾವಾಗ ಹೇಳ್ಲಿ, ಹೇಳಮ್ಮ?"

ರಾಣಿಯಮ್ಮ ಮೈಕಿನ ಕಡೆ ಬಾಗಿದಳು. "ನಾನು ಕನ್ನಡಿ ಮುಂದೆ ಪಾತ್ರ ಹೇಳ್ಕೋತೀನಿ ಮಗಳೇ. ಸೊಸೆ ಟೀವಿ ಸೌಂಡ್ ಜಾಸ್ತಿ ಮಾಡ್ತಾಳೆ. ಅದು ಹಾಳಾಗಿ ಹೋಗ್ಲಿ. ಆದ್ರೆ ಕನ್ನಡಿ ಉಸಿರು ಬಿಗಿಹಿಡಿಯಲ್ಲ ನೋಡು. ನಾನೂರು ಜನ ಒಟ್ಟಿಗೆ ಉಸಿರು ಬಿಗಿಹಿಡಿದಾಗ ಇಲ್ಲಿ, ಈ ಹಣೆಗೆ ತಣ್ಣಗೆ ತಗಲುತ್ತೆ. ಅದಿಲ್ಲದೆ ನಾನು ಬದುಕಿದೀನೋ ಇಲ್ವೋ ನನಗೇ ಅನುಮಾನ."

ರೆಕಾರ್ಡಿಂಗಿಗೆ ಬಂದವಳು ರೆಕಾರ್ಡರಿನ ಕೆಂಪು ದೀಪ ನೋಡಿಕೊಂಡಳು. ಚೆನ್ನಾಗಿ ಬರುತ್ತಿತ್ತು. "ಕುರ್ಚಿ ಕತೆ ಹೇಳಿ," ಎಂದಳು.

ಪಿಸುಮಾಮ ಮೈಕಿಗೆ ಹೇಳಿದರು. ಎದುರಿಗೆ ಸಿನಿಮಾ ಟಾಕೀಸು ಬಂದಾಗ ಜನ ಎರಡನೇ ಅಂಕಕ್ಕೇ ಎದ್ದು ಹೋಗತೊಡಗಿದರಂತೆ. ಹಳೆಯ ಮಾಲೀಕ ಎಲ್ಲಿಂದಲೋ ಒಬ್ಬ ಮಾಟಗಾರನನ್ನು ಕರೆತಂದ. ಅವನು ಒಂದು ವಾರ ಒಳಗೇ ಇದ್ದು, ನಾನೂರ ಹನ್ನೆರಡು ಕುರ್ಚಿಗಳ ಅಡಿಗೆ ಕಪ್ಪು ದಾರದ ಒಂದೊಂದು ಗಂಟು ಹಾಕಿದ. ಆಟ ಶುರುವಾದ ಮೇಲೆ ಕೂತವರು ಏಳುವ ಹಾಗಿಲ್ಲ. ಕೊನೆಯ ಮಾತು ಕೇಳಿದರೆ ಮಾತ್ರ ಗಂಟು ಬಿಚ್ಚುತ್ತದೆ. ಅದನ್ನು ಯಾರು ಹೇಳಿದರೂ ಆಯಿತು, ಗಟ್ಟಿಯಾಗಿ ಹೇಳಬೇಕು. ಖಾಲಿ ಕುರ್ಚಿಗಳ ಮುಂದೆ ಮಾತ್ರ ಹೇಳಕೂಡದು. ಅದಕ್ಕೇ ತಾಲೀಮಿನಲ್ಲಿ ಆ ಜಾಗ ಬಂದಾಗ ರಾಣಿಯಮ್ಮ "ಒಂದು, ಎರಡು, ಮೂರು" ಎಂದು ಎಣಿಸಿ ಒಳಗೆ ಹೋಗುತ್ತಿದ್ದಳು. ಪಿಸುಮಾಮನ ಪುಸ್ತಕದಲ್ಲೂ ಆ ಸಾಲು ಖಾಲಿ. ಆಟದಲ್ಲಿ ಕೇಳಿದವರಿಗೆಲ್ಲ ಗಂಟು ಬಿಚ್ಚಿದೊಡನೆ ಅದು ಮರೆತುಹೋಗುತ್ತಿತ್ತಂತೆ; ನೆನಪಿರುತ್ತಿದ್ದದ್ದು ಅವರಿಬ್ಬರಿಗೇ.

"ರೋಗ ಅಂತ ಪೊಲೀಸರು ಮುಚ್ಚಿಸೋಕೆ ಬಂದ ದಿನ ಇನ್ನೂ ಮೂರನೇ ಅಂಕ," ಎಂದರು. "ಅಮ್ಮ ನೇರ ಕೊನೇ ಮಾತಿಗೆ ಹಾರಿದ್ರು. ಪಾಪ, ಜನ ಮನೆ ಸೇರ್ಲಿ ಅಂತ."

"ಒಳ್ಳೆ ಮಾರ್ಕೆಟಿಂಗ್," ಎಂದಳು ಅವಳು. ಬುರುಡೆಯಣ್ಣನೊಬ್ಬನೇ ನಕ್ಕ.

ಮಾತು ಸಾಕು, ಒಂದು ದೃಶ್ಯ ಆಡಿ ತೋರಿಸಿ ಎಂದು ಕೇಳಿದ್ದು ಅವಳೇ. ಸಭಾಂಗಣದ ದನಿ ಬೇಕಿತ್ತು. ಬ್ಯಾಗು, ಫೋನು ಪೆಟ್ಟಿಗೆಯ ಮೇಲೇ ಬಿಟ್ಟು, ರೆಕಾರ್ಡರ್ ಹಿಡಿದು ಕೆಳಗಿಳಿದಳು. "ಐದಕ್ಕೆ ಮಗಳನ್ನ ಶಿಶುವಿಹಾರದಿಂದ ಕರ್ಕೊಂಡು ಬರಬೇಕು. ಅರ್ಧ ಗಂಟೆ ಸಾಕು."

ಪರದೆ ಎದ್ದಿತು. ನಿಂತೂ ನಿಂತೂ ಅವಳ ಕಾಲು ಬಿದ್ದುಹೋಗಿತ್ತು. ನಾಲ್ಕನೇ ಸಾಲಿನ ಕುರ್ಚಿಯ ಧೂಳು ಒರೆಸಿದಳು.

"ಮೇಡಂ!" ಎಂದರು ಪಿಸುಮಾಮ.

ಅವಳು ಕೂತಳು. ಕುರ್ಚಿಯ ಅಡಿಯಲ್ಲಿ ಏನೋ ಕಿರ್ ಎಂದು ಬಿಗಿಯಿತು. ತುಕ್ಕು ಹಿಡಿದ ಸ್ಪ್ರಿಂಗು ಅಂದುಕೊಂಡಳು.

ರಂಗದ ಮೇಲಿದ್ದ ಇಬ್ಬರೂ ಪಿಸುಮಾಮನ ಕಡೆ ನೋಡಿದರು. ಆಮೇಲೆ ರಾಣಿಯಮ್ಮ ಬೆನ್ನು ನೆಟ್ಟಗೆ ಮಾಡಿದಳು. ಆಟ ಶುರುವಾಯಿತು.

ಕುರ್ಚಿಯಲ್ಲಿದ್ದವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಮಂಡಿನೋವಿನ ಆ ಮುದುಕಿ ಎಲ್ಲಿಗೆ ಹೋದಳೋ ಏನೋ. ಬುರುಡೆಯಣ್ಣ ರಾಜನ ಪಾದುಕೆಯನ್ನು ತಲೆಗೆ ಇಟ್ಟುಕೊಂಡು "ಪ್ರಭು, ಬಿಗಿಯಾಗ್ತಿದೆ" ಎಂದಾಗ ಅವಳು ಜೋರಾಗಿ ನಕ್ಕಳು. ಅವನು ಆ ನಗುವನ್ನು ಪೂರ್ತಿ ಮುಗಿಯಗೊಟ್ಟು, ಆಮೇಲೆ ಮುಂದಿನ ಮಾತು ಹೇಳಿದ. ಅವನ ಕಣ್ಣಲ್ಲಿ ನೀರಿತ್ತು. ಅರ್ಧ ಗಂಟೆಯಾದರೂ ಯಾರೂ ನಿಲ್ಲಿಸಲಿಲ್ಲ. ನಿಲ್ಲಿಸಿ ಎನ್ನಲು ಅವಳಿಗೂ ಮನಸ್ಸಾಗಲಿಲ್ಲ. ಒಂದು ಅಂಕ ಹೋಯಿತು. ಇನ್ನೊಂದು, ಮತ್ತೊಂದೂ ಹೋಗಿ ಕೊನೆಯ ಅಂಕ ಬಂತು.

ಪೆಟ್ಟಿಗೆಯ ಮೇಲೆ ಫೋನು ಗುರ್ರೆಂದಿತು. ಅವಳು ಗಡಿಯಾರ ನೋಡಿಕೊಂಡಳು. ಐದು ಇಪ್ಪತ್ತು.

ಏಳಲು ಹೋದಳು.

ಸೊಂಟ ಏಳಲಿಲ್ಲ. ಕೈ ಊರಿ ಒತ್ತಿದಳು. ತೊಡೆಯ ಕೆಳಗೆ ಮರವಿಲ್ಲ, ದಾರವಿತ್ತು. ಸೀಟನ್ನು ತೂರಿ ಬಂದಿತ್ತು. ಕೂದಲಿನಷ್ಟು ಸಣ್ಣಗೆ. ತಣ್ಣಗೆ. ಬಟ್ಟೆಯೊಳಗೆ ಇಳಿದಿತ್ತು. ಚರ್ಮಕ್ಕೆ ಹೊಲಿದುಕೊಂಡಿತ್ತು. ಎಳೆದಳು. ತನ್ನ ಮೈಯೇ ಜೊತೆಗೆ ಬಂತು. ಕಿರುಚಿದಳು.

"ಕಾಲು! ನನ್ನ ಕಾಲು! ಆಟ ನಿಲ್ಲಿಸಿ!"

"ಅರ್ಧಕ್ಕೆ ನಿಲ್ಲಿಸಿದ್ರೆ ಇನ್ನೂ ಬಿಗಿಯುತ್ತೆ," ಪರದೆಯ ಹಿಂದಿನಿಂದ ಪಿಸುಮಾಮನ ದನಿ ನಡುಗಿತು. "ಸ್ವಲ್ಪ ತಡ್ಕೊಳ್ಳಿ. ಕೊನೇ ಮಾತು ಬಂತು. ಬಂದೇಬಿಡ್ತು."

ಫೋನು ಮತ್ತೆ ಗುರ್ರೆಂದಿತು. ಶಿಶುವಿಹಾರದ ಗೇಟು ಐದೂವರೆಗೆ ಮುಚ್ಚುತ್ತದೆ. ಮಗಳು ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಫೋನು ನಿಂತಿತು. ಮತ್ತೆ ಶುರುವಾಯಿತು.

ರಾಣಿಯಮ್ಮ ಸಿಂಹಾಸನದಿಂದ ಇಳಿದು ಮುಂದೆ ಬಂದಳು. ತೋಳು ಚಾಚಿದಳು. ಕುರ್ಚಿಯಲ್ಲಿದ್ದವಳು ಉಸಿರು ಬಿಗಿಹಿಡಿದಳು. ಹೇಳು. ಹೇಳಮ್ಮ. ಒಂದೇ ಒಂದು ಮಾತು. ರಾಣಿಯ ತುಟಿ ಬಿರಿಯಿತು. ಹಣೆಗೆ ಏನೋ ತಣ್ಣಗೆ ತಗಲಿದಂತೆ ಅವಳ ಕಣ್ಣು ಅರೆಮುಚ್ಚಿತು.

ತುಟಿ ಕೂಡಿಕೊಂಡಿತು.

ಮರೆತಳೆಂದುಕೊಂಡು ಪಿಸುಮಾಮ ಆ ಮಾತನ್ನು ಅವಳಿಗೆ ಪಿಸುಗುಟ್ಟಿದರು. ನಾಲ್ಕನೇ ಸಾಲಿಗೆ ಬರೀ ಗಾಳಿ ಕೇಳಿಸಿತು.

"ನಾನು ಮರೆತಿಲ್ಲ ಕಣೋ," ಎಂದಳು ರಾಣಿಯಮ್ಮ.

"ಅಮ್ಮಾ, ಹೇಳ್ಬಿಡಿ. ಮಗು ಕಾಯ್ತಿದೆ."

"ಹೇಳಿದ್ರೆ ಇವಳು ಎದ್ದು ಹೋಗ್ತಾಳೆ." ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡುವವರ ದನಿ ಅದು. "ನಾನು ಮನೆಗೆ ಹೋಗಿ ಕನ್ನಡಿ ಮುಂದೆ ನಿಲ್ಲಬೇಕು."

"ಬುರುಡೆಯಣ್ಣಾ, ನೀವಾದ್ರೂ ಹೇಳಿ ಅವರಿಗೆ!" ಅವಳು ಕೂಗಿದಳು.

ಬುರುಡೆಯಣ್ಣ ತಲೆ ತಗ್ಗಿಸಿ ಪೆಟ್ಟಿಗೆಯ ಹತ್ತಿರ ಹೋದ. ಫೋನು ಎತ್ತಿಕೊಂಡ. ಅದರಲ್ಲಿ ಮೂಡಿದ್ದ ಹೆಸರು ನೋಡಿದ. "ತಪ್ಪು ತಿಳ್ಕೋಬೇಡ ತಾಯಿ," ಎಂದ. "ನೀನು ಎಷ್ಟು ಚೆನ್ನಾಗಿ ನಕ್ಕೆ." ಒತ್ತಿ ಹಿಡಿದು ಅದನ್ನು ಆರಿಸಿದ.

ಉಳಿದದ್ದು ಒಬ್ಬರೇ. "ಮಾಮಾ! ನಿಮಗೆ ಗೊತ್ತಲ್ಲ ಆ ಮಾತು! ಗಟ್ಟಿಯಾಗಿ ಹೇಳಿಬಿಡಿ, ನಿಮ್ಮ ದಮ್ಮಯ್ಯ!"

ಪಿಸುಮಾಮ ಪರದೆಯಾಚೆಯಿಂದ ಬೆಳಕಿಗೆ ಬಂದರು. ಬಾಯಿ ತೆರೆದರು. ಗಂಟಲ ನರ ಉಬ್ಬಿತು. ದಾರ ಅವಳ ಬೆನ್ನ ಮೇಲೆ ಏರುತ್ತಿತ್ತು. ಭುಜ. ಕುತ್ತಿಗೆ.

"ಹೇಳ್ತೀಯಾ? ಹೇಳು," ಎಂದಳು ರಾಣಿಯಮ್ಮ. "ಆಮೇಲೆ ನೀನು ಯಾರಿಗೆ ಬೇಕು? ನಾಳೆ ಯಾರ ಕಿವಿಗೆ ಊದ್ತೀಯ?"

ಅವರು ನಾಲ್ಕನೇ ಸಾಲನ್ನು ನೋಡಿದರು. ಕಣ್ಣು ತುಂಬಿ ಬಂತು. ಬಾಯಿ ಮುಚ್ಚಿದರು. ಸ್ಟೂಲನ್ನು ಎಳೆದುಕೊಂಡು ಕೂತು, ಕನ್ನಡಕ ಒರೆಸಿ ಹಾಕಿಕೊಂಡು, ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚಿದರು.

"ಮೊದಲನೇ ಅಂಕದಿಂದ್ಲೇನಾ ಅಮ್ಮ?"