ಮೂವತ್ತೊಂದನೆಯ ತಲೆ

"ತಲಿಗೆ ಎಣ್ಣಿ ಹಚ್ಚೀರೇನ್ರಿ?"

ಕಲ್ಲೇಶನ ಬೆರಳು ಕೂದಲಲ್ಲಿ ತಡೆದು ನಿಂತಿತು. ಹರ್ಷದಾ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು.

"ಇಲ್ರಿ. ತೊಳಕೊಂಡೇ ಬಂದೀನಿ."

ಸುಳ್ಳು. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನೆತ್ತಿಗೆ ಎಣ್ಣೆ ತಟ್ಟದೆ ಅವ್ವ ಅವಳನ್ನು ಹಿಮಾಯತ್‌ನಗರದ ಮನೆಯಿಂದ ಹೊರಗೆ ಬಿಡುವವಳಲ್ಲ. ಈ ವಯಸ್ಸಿನಲ್ಲೂ ಅವ್ವನಿಗೆ ಬೇಡ ಎನ್ನಲಾರೆ ಎಂದು ಇವನ ಮುಂದೆ ಹೇಗೆ ಹೇಳುವುದು...

ಓದಿನಿಂದ ಬಸವಳಿದ ವಿದ್ಯಾರ್ಥಿಗಳ ಮಿದುಳಿನ ಅಲೆ ಅಳೆಯುವುದು ಕಲ್ಲೇಶನ ಪಿಎಚ್‌ಡಿ ಕೆಲಸ. ಎಂಎಸ್ಸಿ ಓದುವ ಹರ್ಷದಾ ಅವನ ಮೂವತ್ತೊಂದನೆಯ ನಂಬರು. ಮೊದಲೆರಡು ಶನಿವಾರ ಬರೀ ಪ್ರಶ್ನೆಗಳ ಹಾಳೆ. 'ಪುಸ್ತಕ ತೆರೆದಾಗ ಏನನ್ನಿಸುತ್ತದೆ?' ಅವಳು ಬರೆದಿದ್ದಳು: 'ಏನೂ ಇಲ್ಲ.'

ಅದನ್ನು ಓದಿದ ಕಲ್ಲೇಶ ಹಾಳೆ ಮಡಚಿಟ್ಟು ಅವಳನ್ನು ಕ್ಯಾಂಟೀನಿಗೆ ಕರೆದೊಯ್ದಿದ್ದ.

"ನನ್ನ ಮಿದುಳು ಅಳ್ಯಾಕ ಕೊಟ್ಟಿದ್ದಕ್ಕ ಬರೀ ಒಂದ್ ಚಹಾನೇನ್ರಿ?" ಎಂದಿದ್ದಳು.

"ಬಿಸ್ಕಿಟ್ಟೂ ಐತ್ರಿ."

ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದಳು.

ಇಂದು, ಮೂರನೆಯ ಶನಿವಾರ, ಮಿದುಳಿನ ಅಲೆ ಹಿಡಿಯುವ ತಂತಿಗಳ ಟೋಪಿ. ಸಂಜೆ ಅವನ ಸಂದೇಶ ಬಂತು: 'ನಿಮ್ಮ ದಾಖಲೆ ಬಳಸಲು ಬರುವುದಿಲ್ಲ. ಕ್ಷಮಿಸಿ.'

ಇದರಲ್ಲೂ ಫೇಲ್... ದಣಿದವರ ಸಾಲಿಗೂ ಸಲ್ಲದಷ್ಟು ಕೆಟ್ಟಿದೆಯೇ ನನ್ನ ತಲೆ?

'ಕೋರ್ಸ್ ಬಿಡಾಕತ್ತೀನಿ,' ಎಂದಷ್ಟೇ ಅವನಿಗೆ ಬರೆದು ಫೋನ್ ಆರಿಸಿದಳು.

ಸೋಮವಾರ ಬೆಳಿಗ್ಗೆ ವಿಭಾಗದ ಕಚೇರಿ ಮುಂದೆ ಅರ್ಜಿ ಹಿಡಿದು ಕುಳಿತಿದ್ದಳು. ಸಹಿಯೊಂದೇ ಬಾಕಿ. ಕಲ್ಲೇಶ ಏದುಸಿರು ಬಿಡುತ್ತ ಬಂದು ಆ ಟೋಪಿಯನ್ನು ಮುಂದೆ ಹಿಡಿದ.

"ಮೂಸಿ ನೋಡ್ರಿ."

ಕೊಬ್ಬರಿ ಎಣ್ಣೆ. ಅವ್ವನ ಅಂಗೈ ವಾಸನೆ.

"ನಿನ್ನೆ ತೊಳ್ಯಾಕ ಕೂತಾಗ ಗೊತ್ತಾತು. ಎಣ್ಣಿ ಇದ್ರ ತಂತಿ ಅಲಿ ಹಿಡಿಯೂದಿಲ್ರಿ. ಕೆಟ್ಟಿದ್ದು ದಾಖಲಿ, ನಿಮ್ಮ ತಲಿ ಅಲ್ಲ. ಶನಿವಾರ ಮತ್ತ ತಗೊಳ್ಳೂಣ್ರಿ."

ಅವಳ ಕಣ್ಣು ತುಂಬಿತು. "ಸುಳ್ಳ ಹೇಳಿದ್ನಿ. ಅವ್ವಗ ಬ್ಯಾಡ ಅನ್ನಾಕ ಬರೂದಿಲ್ಲ ನನಗ. ಯಾರಿಗೂ ಅನ್ನಾಕ ಬರೂದಿಲ್ಲ. ಈ ಕೋರ್ಸೂ ಹಂಗ ಸೇರಿದ್ನಿ..."

ಅವನು ಪಕ್ಕದಲ್ಲಿ ಕುಳಿತ.

"ಆ ಹಾಳಿ ನಾನೂ ತುಂಬೀನಿ. 'ಏನೂ ಇಲ್ಲ' ಅಂತನ ಬರ್ದಿದ್ದೆ. ನಿಮ್ಮ ಜೋಡಿ ಚಹಾ ಕುಡ್ಯೂ ತನಕ ಹಂಗ ಇತ್ತು."

ಅವಳು ಅರ್ಜಿಯನ್ನು ಮಡಚಲಿಲ್ಲ. ಸಹಿಯನ್ನೂ ಮಾಡಲಿಲ್ಲ.

"ಎಣ್ಣಿ ಇಲ್ದಾಗೂ ಅಲಿ ಕೆಟ್ಟಿದ್ರ?"

"ಇರಬಹುದು. ನಂದೂ ಕೆಟ್ಟಾವ. ಕೋರ್ಸ್ ಬಿಡೂದಾದ್ರ ಬಿಡು. ನನ್ನ ಬಿಡಬ್ಯಾಡ."

ಬಹುವಚನ ಬಿಟ್ಟು ಅವನು ಅವಳಿಗೆ ಆಡಿದ ಮೊದಲ ಮಾತು. ಅವಳು ತಲೆ ತಗ್ಗಿಸಿದಳು.

"ಶನಿವಾರ ಅವ್ವ ಮತ್ತ ಎಣ್ಣಿ ತಂದ್ರ?"

"ಹಚ್ಚಿಸ್ಕೊಂಡು ಬಾ. ನಾ ತೊಳೀತೀನಿ."

"ಬ್ಯಾಡ," ಎಂದಳು ಹರ್ಷದಾ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆರಗಾದಳು. "ಮೊದಲ ನಾ ಅವ್ವಗ ಹೇಳಿ ನೋಡ್ತೀನಿ. ಆಗಲಿಲ್ಲಂದ್ರ... ನೀ ತೊಳಿ."