ಆರು ಮೊಟ್ಟೆ ಮತ್ತು ಕಾಣೆಯಾದ ಪ್ಲಗಿನ್

ಆ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅತ್ತಿಗೆ ಅಂಗಡಿಯ ಕಸ ಗುಡಿಸಿ ಬಾಗಿಲವರೆಗೆ ತಂದಿದ್ದರು. ಅಷ್ಟರಲ್ಲಿ ಹಕ್ಕಿ ಡಾಕ್ಟರಮ್ಮ ಒಳಗೆ ನುಗ್ಗಿ ಬಂದ ರಭಸಕ್ಕೆ ಕಸವೆಲ್ಲ ಅವರ ಹಿಂದೆಯೇ ವಾಪಸು ಬಂತು. ಅವರ ಜಡೆಯಲ್ಲಿ ಬಿಳಿ ಗರಿಯೊಂದು ಸಿಕ್ಕಿಕೊಂಡಿತ್ತು. ಕನ್ನಡಕ ದಾರದ ತುದಿಯಲ್ಲಿ ಜೋತಾಡುತ್ತಿತ್ತು.

"ಅಮ್ಮಾ, ನಮ್ಮ ಪ್ಲಗಿನ್ ಮತ್ತೆ ಕಾಣೆಯಾಗಿದೆ. ಮಧ್ಯಾಹ್ನದೊಳಗೆ ಸಿಗದಿದ್ರೆ ಆರು ಜೀವ ಹೋಗುತ್ತೆ."

ಅತ್ತಿಗೆ ಪೊರಕೆ ಕೆಳಗಿಟ್ಟರು. "ಕೂತ್ಕೊಳ್ಳಿ. ನೀರು ಕುಡೀರಿ. ಆಮೇಲೆ ಮೊದಲಿಂದ ಹೇಳಿ."

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಔಷಧಿ ಅಂಗಡಿಗೂ ದರ್ಜಿ ಅಂಗಡಿಗೂ ನಡುವೆ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಾರೆ. ನಾನು ಶಾಲೆಯ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಕಂಪ್ಯೂಟರ್ ವಿಷಯದಲ್ಲಿ ನನ್ನ ಪಾಂಡಿತ್ಯ ಅತ್ತಿಗೆಯ ಚೀಲ ಹೊರುವಷ್ಟು ಮಾತ್ರ. ಆದರೆ ಅವರು ಕಳ್ಳರನ್ನು ಹಿಡಿಯುವುದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ. ಕಂಪ್ಯೂಟರ್ ತಾನಾಗಿ ಕೆಡುವುದು ಅಪರೂಪ, ಕೆಡಿಸಿದವರು "ನಾನೇನೂ ಮಾಡಿಲ್ಲ" ಎನ್ನುವುದು ಖಂಡಿತ ಎಂಬುದು ಅವರ ಅನುಭವ.

ಡಾಕ್ಟರಮ್ಮ ವಿಷಯ ಹೇಳಿದರು. ಪಕ್ಷಿಧಾಮದಲ್ಲಿ ಮರವೊಂದು ಬಿದ್ದು, ಚಮಚದ ಕೊಕ್ಕಿನ ಕೊಕ್ಕರೆಗಳು ಗೂಡು ಬಿಟ್ಟು ಹಾರಿಹೋಗಿದ್ದವು. ಉಳಿದ ಆರು ಮೊಟ್ಟೆಗಳನ್ನು ಕಾವು ಪೆಟ್ಟಿಗೆಯಲ್ಲಿಟ್ಟಿದ್ದರು. ಪೆಟ್ಟಿಗೆಯ ಮೈಮೇಲೆ ಗುಂಡಿಯೂ ಇಲ್ಲ, ತಿರುಗಣಿಯೂ ಇಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಒಂದು ಹಳೆಯ ಪುಟದಿಂದಲೇ ಅದನ್ನು ನಡೆಸಬೇಕು. ಮೊಟ್ಟೆಯೊಡೆದು ಮರಿ ಬರಲು ಮೂರು ದಿನ ಇರುವಾಗ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ ತೇವ ಹೆಚ್ಚಿಸಬೇಕು, ಇಲ್ಲದಿದ್ದರೆ ಮರಿ ಚಿಪ್ಪಿನೊಳಗೇ ಅಂಟಿಕೊಂಡು ಸಾಯುತ್ತದೆ. ಆ ದಿನ ಇವತ್ತು. ಪುಟ ತೆರೆದರೆ ಮಾತ್ರ 'ಪ್ಲಗಿನ್ ಇಲ್ಲ' ಎನ್ನುತ್ತಿದೆ.

"ಇದು ಮೂರನೇ ಸಲ. ಎರಡು ಸಲ ಪೆಟ್ಟಿಗೆ ಕಂಪನಿಯವರು ಫೋನಿನಲ್ಲೇ ಸರಿ ಮಾಡಿಸಿದ್ರು. ಈಗ ಆ ಮಾದರಿ ನಿಂತುಹೋಗಿದೆ, ನಮ್ಗೆ ಸಂಬಂಧವಿಲ್ಲ ಅಂತಾರೆ. ಸೂಪರಿಂಟೆಂಡೆಂಟರು ನಮ್ಮ ಮೀನು ತಾತನನ್ನ ಅಮಾನತು ಮಾಡ್ತಾರಂತೆ. ಹಕ್ಕಿಗಳಿಗೆ ಮೀನು ಹಾಕೋನೂ ಅವನೇ, ಪೆಟ್ಟಿಗೆ ಕೋಣೆ ಕಾಯೋನೂ ಅವನೇ ತಾನೆ!"

"ಚೀಲ ಎತ್ತಿ ಮೇಷ್ಟ್ರೇ," ಎಂದರು ಅತ್ತಿಗೆ.

ಕಾವು ಕೋಣೆ ಪಕ್ಷಿಧಾಮದ ಹಿಂಭಾಗದಲ್ಲಿ, ಬಾತುಕೋಳಿ ಕೊಳದ ದಡದಲ್ಲಿತ್ತು. ಬಾಗಿಲಿಗೆ ದಪ್ಪನೆಯ ಬೀಗ, ಬೀಗದ ಕೀಲಿಕೈ ಪಕ್ಕದ ಮೊಳೆಯಲ್ಲೇ.

"ಭದ್ರತೆ ಜೋರಾಗಿದೆ," ಎಂದೆ ನಾನು.

ಮೀನು ತಾತ ಒಳಗೆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಮುಖ ಬಾಡಿತ್ತು. "ನಾನು ಆ ಡಬ್ಬಿ ಹತ್ರಾನೇ ಸುಳಿಯಲ್ಲ ತಾಯಿ. ನಂಗೆ ಓದು ಬರಲ್ಲ. ಆರು ಗಂಟೆಗೆ ಬರ್ತೀನಿ, ಪೆಟ್ಟಿಗೆಗೆ ನೀರು ಹಾಕ್ತೀನಿ. ಮಂಗಳವಾರ, ಶುಕ್ರವಾರ ಏಳು ಗಂಟೆಗೆ ಮೀನು ತರೋಕೆ ಮಾರ್ಕೆಟ್ಟಿಗೆ ಹೋಗಿ ಎಂಟಕ್ಕೆ ವಾಪಸು. ಅಷ್ಟೇ."

ಅತ್ತಿಗೆ ಕಂಪ್ಯೂಟರಿನ ಮುಂದೆ ಕೂತರು. ಮೊದಲು ಬ್ರೌಸರಿನ ಪ್ಲಗಿನ್ ಪಟ್ಟಿ ನೋಡಿದರು, ಆಮೇಲೆ ಹಾಕಿರುವ ತಂತ್ರಾಂಶಗಳ ಪಟ್ಟಿ. ಒಂದು ಕಡೆ ಬೆರಳಿಟ್ಟು, "ಓದಿ" ಎಂದರು. ನಾನು ಓದಿದೆ. ರನ್‌ಟೈಮಿನ ಹೊಸ ವರ್ಷನ್, ಹಾಕಿದ್ದು ಇವತ್ತೇ ಬೆಳಿಗ್ಗೆ ಏಳೂ ಕಾಲಿಗೆ. ಹಳೆಯ ದಾಖಲೆಯಲ್ಲಿ ಇನ್ನೆರಡು ಸಲ. ಒಂದು ಮಂಗಳವಾರ, ಒಂದು ಶುಕ್ರವಾರ. ಎರಡೂ ಏಳೂ ಕಾಲಿನ ಆಸುಪಾಸು.

"ಹಾಗಂದ್ರೆ?"

"ಪೆಟ್ಟಿಗೆಯ ಪುಟ ಮಾತಾಡೋದು ಹಳೇ ಭಾಷೆ ಮೇಷ್ಟ್ರೇ. ರನ್‌ಟೈಮ್ ಅಂದ್ರೆ ದುಭಾಷಿ. ಬ್ರೌಸರಿನಲ್ಲಿ ಅವನು ಕೂರೋ ಕುರ್ಚಿಯೇ ಪ್ಲಗಿನ್. ಯಾರೋ ಹೊಸ ದುಭಾಷಿಯನ್ನ ಕರೆದಿದ್ದಾರೆ. ಅವನು ಬಂದವನೇ ಹಳಬನನ್ನೂ ಓಡಿಸಿದ, ಕುರ್ಚಿಯನ್ನೂ ಮುರಿದ. ಹಳೇ ಭಾಷೆಯಂತೂ ಅವನಿಗೆ ಬರಲ್ಲ."

"ತಾನಾಗೇ ಬಂದಿರಬಹುದಲ್ವಾ?" ಎಂದರು ಡಾಕ್ಟರಮ್ಮ.

"'ಹೊಸ ವರ್ಷನ್ ಬಂದಿದೆ, ಹಾಕಲೇ?' ಅಂತ ತಾನಾಗಿ ಕೇಳುತ್ತೆ. ಹಾಕೋಕೆ ಯಾರಾದ್ರೂ 'ಹೌದು' ಒತ್ತಲೇಬೇಕು. ಇಲ್ನೋಡಿ." ಬ್ರೌಸರಿನ ನೆತ್ತಿಯ ಮೇಲೆ ಮೂರು ಬಣ್ಣದ ಪಟ್ಟಿಗಳು ಒಂದರ ಮೇಲೊಂದು ಕೂತಿದ್ದವು. ಒಂದು ಹುಡುಕಲು, ಒಂದು ಹವಾಮಾನಕ್ಕೆ, ಮತ್ತೊಂದು ಏತಕ್ಕೆಂದು ದೇವರಿಗೇ ಗೊತ್ತು. "ಇವೆಲ್ಲ ಬಾಲಂಗೋಚಿಗಳು. 'ಇದೂ ಬೇಕಾ, ಅದೂ ಬೇಕಾ' ಅಂತ ದಾರಿಯಲ್ಲಿ ಕೇಳ್ತವೆ. ಓದಿದವರು ಬೇಡ ಅಂತಾರೆ. ಇವರು ಕೇಳಿದ್ದಕ್ಕೆಲ್ಲ ಹೌದು ಅಂದಿದ್ದಾರೆ."

ನಾನು ಅರಿವಿಲ್ಲದೆ ಮೀನು ತಾತನ ಕಡೆ ನೋಡಿದೆ. ಓದು ಬಾರದವನು ಅವನೊಬ್ಬನೇ. ಅವನು ತಲೆ ತಗ್ಗಿಸಿದ.

ಅತ್ತಿಗೆ ಮೇಜಿನ ದೀಪವನ್ನು ಓರೆಯಾಗಿ ತಿರುಗಿಸಿ ಪರದೆ ನೋಡಿದರು. ಗಾಜಿನ ನಡುವೆ ಜಿಡ್ಡಿನ ಸಣ್ಣ ದುಂಡು ಗುರುತೊಂದಿತ್ತು. "ಬೆರಳಲ್ಲ," ಎಂದು ಗೊಣಗಿದರು. ಆಮೇಲೆ ತಮ್ಮ ಮುಖವನ್ನೇ ಅದರ ಹತ್ತಿರ ಒಯ್ದು ಹಿಂದೆ ಸರಿದರು. ಚೀಲದಿಂದ ಹಳೆಯ ಸಿ.ಡಿ.ಗಳ ಡಬ್ಬಿ ತೆಗೆಸಿ, ಹೊಸ ರನ್‌ಟೈಮನ್ನು ಕಿತ್ತುಹಾಕುವ ಕೆಲಸಕ್ಕೆ ಕಂಪ್ಯೂಟರನ್ನು ಹಚ್ಚಿ, "ಇದು ಮುಗಿಯೋಷ್ಟರಲ್ಲಿ ಸಾಹೇಬರನ್ನ ಮಾತಾಡಿಸೋಣ" ಎಂದು ಎದ್ದರು.

ಸೂಪರಿಂಟೆಂಡೆಂಟರು ಆರಡಿಯ ಆಳು. ಗದರಿದರೆ ನವಿಲೂ ಗರಿ ಮುಚ್ಚುತ್ತಿತ್ತಂತೆ. ನಾವು ಒಳಗೆ ಹೋದಾಗ ಎದ್ದು ನಿಂತು, ಬಾಗಿಲ ಬಳಿಯ ಕೋಟಿನ ಗೂಟಕ್ಕೆ ನಮಸ್ಕಾರ ಮಾಡಿದರು. ನಾನು ಮಾತಾಡಿದ ಮೇಲೆ ನನ್ನ ಕಡೆ ತಿರುಗಿದರು.

"ಮೊಟ್ಟೆಗಳ ಉಸಾಬರಿಯೇ ಬೇಡ ಅಂತ ಮೀಟಿಂಗಿನಲ್ಲೇ ಹೇಳಿದ್ದೆ. ಹೋದ ಮರ ಹೋಯ್ತು, ಮೊಟ್ಟೆಯೂ ಹೋಗಲಿ ಅಂದಿದ್ದೆ. ಕೇಳಿದ್ರಾ? ಈಗ ಆ ಮುದುಕ ಕಂಪ್ಯೂಟರ್ ಕೆಡಿಸಿ ಕೂತಿದ್ದಾನೆ."

ಹತ್ತೂವರೆಗೆ ಗುಮಾಸ್ತರು ಆಕಳಿಸುತ್ತ ಬಂದರು. "ಇನ್ಯಾರು ಮಾಡ್ತಾರೆ ಮೇಡಂ? ಓದು ಬರದೋರ ಕೈಗೆ ಯಂತ್ರ ಕೊಟ್ರೆ ಹೀಗೇ." ಅಮಾನತು ಪತ್ರವನ್ನು ಮೇಜಿನ ಮೇಲಿಟ್ಟು ಒಂದೆಡೆ ಬೆರಳು ಒತ್ತಿದರು. ಸಾಹೇಬರು ಕಾಗದವನ್ನು ಮೂಸಿ ನೋಡುವಂತೆ ಮುಖದ ಹತ್ತಿರ ಎತ್ತಿ, ಇಳಿಸಿ, ಬೆರಳಿದ್ದ ಕಡೆ ಸಹಿ ಹಾಕಿದರು.

"ನೀವು ಕಂಪ್ಯೂಟರಿನಲ್ಲಿ ಇಸ್ಪೀಟಾಡ್ತೀರಲ್ಲಾ?" ಅತ್ತಿಗೆ ಗುಮಾಸ್ತರನ್ನು ತಟ್ಟನೆ ಕೇಳಿದರು. "ಅದಕ್ಕೆ ಹೊಸ ರನ್‌ಟೈಮ್ ಬೇಕಾಗಿತ್ತಾ?"

ಗುಮಾಸ್ತರ ನಿದ್ದೆ ಹಾರಿತು. "ಆಡೋದು ನನ್ನ ಟೇಬಲ್ಲಿನ ಕಂಪ್ಯೂಟರಿನಲ್ಲಿ, ಅದೂ ಊಟದ ಹೊತ್ತಲ್ಲಿ! ಕಾವು ಕೋಣೆಗೆ ಯಾಕೆ ಹೋಗ್ಲಿ?"

"ಬೆಳಿಗ್ಗೆ ಏಳಕ್ಕೆ?"

"ಏಳಕ್ಕಾ? ನನ್ನ ಹೆಂಡ್ತೀನ ಕೇಳಿ. ಮದ್ವೆಯಾದ ಮೇಲೆ ಏಳು ಗಂಟೆ ಹೇಗಿರುತ್ತೆ ಅಂತಾನೇ ನಾನು ನೋಡಿಲ್ಲ."

ಹೊರಗೆ ಬಂದಾಗ ನಾನು ಕೇಳಿದೆ, "ಇವನ ಮಾತು ನಂಬಬಹುದಾ ಅತ್ತಿಗೆ?"

"ಸೋಮಾರಿತನಕ್ಕಿಂತ ಗಟ್ಟಿ ಸಾಕ್ಷಿ ಬೇಕಾ ಮೇಷ್ಟ್ರೇ?" ಎಂದು ನಕ್ಕರು.

ಕಾವು ಕೋಣೆಯಲ್ಲಿ ಸುಲಭವಾಗಿ ಮುಗಿಯಲಿಲ್ಲ. ಹಳೆಯ ರನ್‌ಟೈಮ್ ಹಾಕಿದರೂ ಪುಟ ಅದೇ ರಾಗ ಹಾಡಿತು. ಅದೇ 'ಹೌದು'ಗಳ ನಡುವೆ ಬ್ರೌಸರೂ ಹೊಸದಾಗಿತ್ತು, ಹಳೆಯ ಪ್ಲಗಿನ್ ಅದರಲ್ಲಿ ಕೂರುವುದೇ ಇಲ್ಲ. ಡಾಕ್ಟರಮ್ಮ ಗಡಿಯಾರ ನೋಡುತ್ತ ಉಗುರು ಕಚ್ಚುತ್ತಿದ್ದರು. ಅತ್ತಿಗೆ ಡಬ್ಬಿಯ ತಳದಿಂದ ಇನ್ನೊಂದು ಸಿ.ಡಿ. ತೆಗೆದು, ಹಳೆಯ ಬ್ರೌಸರನ್ನೇ ಬೇರೆಯಾಗಿ ಹಾಕಿದರು. 'ಹೊಸದು ಬಂದಿದೆಯಾ' ಎಂದು ಹುಡುಕುವ ಚಾಳಿಯನ್ನು ಎರಡರಲ್ಲೂ ನಿಲ್ಲಿಸಿದರು. ಕಡೆಗೆ ಇಂಟರ್ನೆಟ್ಟಿನ ತಂತಿಯನ್ನೇ ಕಿತ್ತು ನನ್ನ ಕೈಗೆ ಕೊಟ್ಟರು. "ಪೆಟ್ಟಿಗೆ ಪಕ್ಕದಲ್ಲೇ ಇದೆ. ಅದರ ಜೊತೆ ಮಾತಾಡೋಕೆ ಊರೆಲ್ಲ ಯಾಕೆ ಸುತ್ತಬೇಕು?"

ಹನ್ನೊಂದೂ ಇಪ್ಪತ್ತಕ್ಕೆ ಪುಟ ತೆರೆದುಕೊಂಡಿತು. ಕಪ್ಪು ಹಿನ್ನೆಲೆಯ ಮೇಲೆ ಆರು ದೊಡ್ಡ ಹಸಿರು ಚುಕ್ಕೆಗಳು ಮಿಟುಕತೊಡಗಿದವು. ಆರು ಪುಟ್ಟ ಹೃದಯಗಳ ಬಡಿತ. ಡಾಕ್ಟರಮ್ಮ ಮೀನು ತಾತನನ್ನೇ ತಬ್ಬಿಕೊಂಡರು, ವಾಸನೆಯನ್ನೂ ಲೆಕ್ಕಿಸದೆ.

"ಈಗ ಎಲ್ಲರನ್ನೂ ಕರೀರಿ," ಎಂದರು ಅತ್ತಿಗೆ.

ಸಾಹೇಬರೂ ಗುಮಾಸ್ತರೂ ಬರುವಷ್ಟರಲ್ಲಿ ಪರದೆಯ ಮೇಲೆ ಸಣ್ಣ ಕಿಟಕಿಯೊಂದನ್ನು ಅತ್ತಿಗೆ ಸಿದ್ಧಮಾಡಿದ್ದರು. ಅದರಲ್ಲಿ ಸಣ್ಣ ಅಕ್ಷರದ ಒಂದು ಸಾಲು, ಕೆಳಗೆ 'ಹೌದು' 'ಬೇಡ' ಎಂಬ ಎರಡು ಗುಂಡಿ.

"ಕೆಲಸ ಮುಗಿಯೋಕೆ ನಿಮ್ಮೆಲ್ಲರ ಒಪ್ಪಿಗೆ ಬೇಕು. ಒಬ್ಬೊಬ್ಬರಾಗಿ ಬಂದು ಒತ್ತಿ. ಓದಿದ್ದನ್ನ ಯಾರೂ ಬಾಯಿ ಬಿಡಬಾರದು."

ಗುಮಾಸ್ತರು ಓದಿ, ಕೆಮ್ಮಿ, 'ಬೇಡ' ಒತ್ತಿದರು. ಡಾಕ್ಟರಮ್ಮ ಕನ್ನಡಕ ಏರಿಸಿ ಓದಿ, ಸೆರಗು ಬಾಯಿಗೆ ಅಡ್ಡ ಹಿಡಿದು 'ಬೇಡ' ಒತ್ತಿದರು. ಮೀನು ತಾತ ಕೈ ಹಿಂದೆ ಕಟ್ಟಿಕೊಂಡ. "ಏನ್ ಬರೆದೈತೋ ಗೊತ್ತಿಲ್ದೆ ನಾನು ಮುಟ್ಟಲ್ಲ ತಾಯಿ."

ಸಾಹೇಬರು ಠೀವಿಯಿಂದ ಕೂತರು. ಮುಖ ಮುಂದಕ್ಕೆ ಹೋಯಿತು, ಇನ್ನೂ ಹೋಯಿತು, ಮೂಗಿನ ತುದಿ ಗಾಜಿಗೆ ತಾಗಿತು. "ಹೂಂ. ಎಲ್ಲ ಕ್ರಮಬದ್ಧವಾಗಿದೆ," ಎಂದು 'ಹೌದು' ಒತ್ತಿದರು.

"ಮೇಷ್ಟ್ರೇ, ಸಾಹೇಬರು ಏನು ಒಪ್ಪಿದ್ರು, ಸ್ವಲ್ಪ ಓದಿ."

ನಾನು ಓದಿದೆ: "'ಇಂದಿನಿಂದ ನನ್ನನ್ನು ಬಾತುಕೋಳಿಗಳ ಕೊಳದಲ್ಲಿ ಬಿಡಲು ನನ್ನ ಸಂಪೂರ್ಣ ಒಪ್ಪಿಗೆ ಇದೆ.'"

ಗುಮಾಸ್ತರು ಗೋಡೆಯ ಕಡೆ ತಿರುಗಿ ಭುಜ ಕುಣಿಸತೊಡಗಿದರು.

"ಏನಿದು ತಮಾಷೆ!" ಸಾಹೇಬರು ಗುಡುಗಿದರು.

"ತಮಾಷೆ ಅಲ್ಲ ಸರ್, ವಿಚಾರಣೆ." ಅತ್ತಿಗೆ ಶಾಂತವಾಗಿ ದೀಪ ಓರೆ ಮಾಡಿದರು. ಗಾಜಿನ ಮೇಲೆ ಈಗ ದುಂಡು ಗುರುತು ಎರಡಿದ್ದವು. "ಹಳೇದು ಬೆಳಿಗ್ಗೆಯದು, ಹೊಸದು ಈಗಿನದು. ಬೆರಳ ಗುರುತಾದ್ರೆ ಗೆರೆ ಇರುತ್ತೆ, ಇದು ಮೂಗಿನದು. ಪರದೆಗೆ ಮೂಗು ತಾಗಿಸೋರು ಕಣ್ಣು ಸರಿಯಾಗಿ ಕಾಣದೋರು. ಕಾಣದೋರು ಗೂಟಕ್ಕೆ ನಮಸ್ಕಾರ ಮಾಡ್ತಾರೆ, ಕಾಗದ ಮೂಸ್ತಾರೆ, ಗುಮಾಸ್ತರು ಬೆರಳಿಟ್ಟ ಕಡೆ ಸಹಿ ಹಾಕ್ತಾರೆ. ಹಾಗೇ ಕಂಪ್ಯೂಟರ್ ಕೇಳಿದ್ದಕ್ಕೆಲ್ಲ ಹೌದು ಅಂತಾರೆ. ಬಂದಿದ್ದು ಮಂಗಳವಾರ ಶುಕ್ರವಾರ ಮಾತ್ರ. ತಾತ ಮೀನಿಗೆ ಹೋಗೋ ದಿನ. ಅಂದ್ರೆ ತಾತ ಅಲ್ಲ, ತಾತನ ಕಣ್ಣು ತಪ್ಪಿಸಿ ಬಂದೋರು. ಗುಮಾಸ್ತರು ಆ ಹೊತ್ತಿಗೆ ಗೊರಕೆಯಲ್ಲಿರ್ತಾರೆ. ಡಾಕ್ಟರಮ್ಮ ಗುಂಡಿ ಒತ್ತೋ ಮೊದಲು ಕನ್ನಡಕ ಏರಿಸ್ತಾರೆ. ಓದು ಬರಲ್ಲ ಅನ್ನೋನು ಮುಟ್ಟಲೇ ಇಲ್ಲ. ಓದು ಬಂದೂ ಓದದೋರು ಒತ್ತಿದ್ರು. ನನಗೆ ತಿಳಿಯದೇ ಇರೋದು ಒಂದೇ. ಮೊಟ್ಟೆ ಹಾಳಾಗಲಿ ಅಂತ ಬಂದ್ರಾ?"

ಸಾಹೇಬರ ಆರಡಿ ದೇಹ ಕುರ್ಚಿಯಲ್ಲಿ ಕುಗ್ಗಿತು.

"ಇಲ್ಲಮ್ಮ. ಖಂಡಿತ ಇಲ್ಲ. ಬೇಡ ಅಂತ ಮೀಟಿಂಗಿನಲ್ಲಿ ಅಬ್ಬರಿಸಿಬಿಟ್ಟಿದ್ದೆ. ಒಂದು ದಿನ ಯಾರೂ ಇಲ್ಲದಾಗ ಸುಮ್ನೆ ಬಗ್ಗಿ ನೋಡ್ದೆ. ಆ ಹಸಿರು ದೀಪ ಮಿಟುಕ್ತಿತ್ತು... ಅದೊಂದು ಮಾತ್ರ ನನ್ನ ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ಆಮೇಲೆ ಬರದೆ ಇರೋಕೆ ಆಗ್ಲಿಲ್ಲ. ನಡುವೆ ಏನೋ ಕಿಟಕಿ ಅಡ್ಡ ಬರ್ತಿತ್ತು, ಹೌದು ಹೌದು ಅಂತ ಸರಿಸ್ತಿದ್ದೆ. ದೀಪ ಆರಿಹೋದ್ರೆ ಮರಿಗಳು ಮಲಗಿದ್ವೇನೋ ಅಂದ್ಕೊಂಡು ಹೊರಟುಹೋಗ್ತಿದ್ದೆ."

"ಕನ್ನಡಕ ಹಾಕಬಾರದಾ ಸರ್?" ಎಂದೆ ನಾನು.

"ಹಾಕಿದ್ರೆ ನನ್ನ ಕಂಡು ಯಾರು ಹೆದರ್ತಾರೆ ಮೇಷ್ಟ್ರೇ?" ಎಂದವರೇ ಮೀನು ತಾತನ ಕಡೆ ತಿರುಗಿದರು. ಈ ಸಲ ಸರಿಯಾದ ದಿಕ್ಕಿಗೇ. "ತಪ್ಪು ನಂದು ಕಣಯ್ಯ. ನನ್ನ ತಪ್ಪಿಗೆ ನಿನ್ನ ಅನ್ನಕ್ಕೆ ಕೈ ಹಾಕಿದ್ದೆ." ಗುಮಾಸ್ತರ ಕೈಯಿಂದ ಪತ್ರ ಕಿತ್ತು ನಾಲ್ಕು ಚೂರು ಮಾಡಿದರು.

ಹನ್ನೆರಡಾಗುತ್ತಿತ್ತು. ಡಾಕ್ಟರಮ್ಮ ತಿರುಗಿಸುವುದನ್ನು ನಿಲ್ಲಿಸಿ ತೇವ ಏರಿಸಿದರು. ತಾತ ಕೈ ತೊಳೆದು, ಒರೆಸಿ, ಮೊಟ್ಟೆಗಳನ್ನು ಒಂದೊಂದಾಗಿ ಕೆಳಗಿನ ತಟ್ಟೆಗೆ ಇಳಿಸತೊಡಗಿದ. ಆರನೆಯದನ್ನು ಎತ್ತಿದವನು ನಿಂತ. ಕಿವಿಗಿಟ್ಟುಕೊಂಡು ಕೇಳಿದ. ಆಮೇಲೆ ಸೀದಾ ಸಾಹೇಬರ ಬಳಿಗೆ ಬಂದು ಅದನ್ನು ಅವರ ಕಿವಿಗೆ ಹಿಡಿದ.

"ಇದಕ್ಕೆ ಕಣ್ಣು ಬೇಡ ಸ್ವಾಮಿ. ಕೇಳಿಸ್ಕೊಳ್ಳಿ."

ಸಾಹೇಬರು ಉಸಿರು ಬಿಗಿಹಿಡಿದರು. ಒಳಗಿನಿಂದ ಟಕ್, ಟಕ್ ಎಂದು ಯಾರೋ ಬಾಗಿಲು ಬಡಿದಿರಬೇಕು. ಇಪ್ಪತ್ತೈದು ವರ್ಷದ ಕಚೇರಿಯ ಅಭ್ಯಾಸ ಬಾಯಿಂದ ತಾನಾಗಿ ಹೊರಬಿತ್ತು: "ಒಳಗೆ ಬನ್ನಿ."

"ಅಯ್ಯೋ, ಹಾಗನ್ನಬೇಡಿ," ಎಂದ ಮೀನು ತಾತ. "ಹೊರಗೆ ಬಾ ಅನ್ನಿ."

ನವಿಲನ್ನೂ ನಡುಗಿಸುತ್ತಿದ್ದ ಆ ಗಂಟಲು ಎಷ್ಟು ಮೆತ್ತಗಾಗಬಲ್ಲದೆಂದು ಆ ದಿನ ಕೇಳಿದೆವು.

"ಹೊರಗೆ ಬಾರಪ್ಪಾ," ಎಂದರು ಸಾಹೇಬರು.